ಚಿಲಿಯ ವೈನ್ ಪ್ರವರ್ತಕರ ಹೆಸರಿನ ವೈನ್‌ಗಳು

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ವೈನ್ ಉದ್ಯಮಕ್ಕೆ ಬುನಾದಿ ಹಾಕಿದವರ ಸ್ಮರಣಾರ್ಥವಾಗಿ ಹಲವು ವೈನ್‌ಗಳಿಗೆ ಅವರ ಹೆಸರುಗಳನ್ನು ಇಡಲಾಗಿದೆ. ಡಾನ್ ಮೆಲ್ಚೋರ್ ಮತ್ತು ಡಾನ್ ಮ್ಯಾಕ್ಸಿಮಿಯಾನೊ ಇವುಗಳಲ್ಲಿ ಪ್ರಸಿದ್ಧವಾದವು. 'ಡಾನ್' ಎಂಬುದು ಸ್ಪ್ಯಾನಿಷ್ ಭಾಷೆಯಲ್ಲಿ ಪುರುಷರ ಹೆಸರಿನ ಮೊದಲು ಬಳಸುವ ಗೌರವಸೂಚಕ ಪದವಾಗಿದೆ.

ಹಿನ್ನೆಲೆ

ಚಿಲಿಗೆ ದ್ರಾಕ್ಷಿ ಬೇಸಾಯವನ್ನು 16ನೆಯ ಶತಮಾನದಲ್ಲಿ ಸ್ಪೇನ್ ದೇಶದವರು ತಂದರು. ಬಹುಕಾಲ 'ಪಾಯಿಸ್' ಎಂಬ ಸಾಧಾರಣ ತಳಿಯೇ ಪ್ರಧಾನವಾಗಿತ್ತು. 1851ರಲ್ಲಿ ಸಿಲ್ವೆಸ್ತ್ರೆ ಒಚಗಾವಿಯಾ ಫ್ರಾನ್ಸಿನ ಉತ್ತಮ ತಳಿಗಳನ್ನು ತರಿಸಿ ನೆಟ್ಟದ್ದು ಆಧುನಿಕ ಚಿಲಿ ವೈನ್‌ನ ಆರಂಭವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಒಚಗಾವಿಯಾ ಹೆಸರಿನ ವೈನ್ ಇಂದಿಗೂ ಮಾರಾಟದಲ್ಲಿದೆ.

ಪ್ರಮುಖ ವೈನ್‌ಗಳು

* ಡಾನ್ ಮೆಲ್ಚೋರ್: ವಕೀಲರೂ ರಾಜಕಾರಣಿಯೂ ಆಗಿದ್ದ ಮೆಲ್ಚೋರ್ ಕೊಂಚಾ ಇ ತೋರೊ 1883ರಲ್ಲಿ ತಮ್ಮ ಮನೆತನದ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಹೆಸರಿನ ಈ ಕೆಂಪು ವೈನ್‌ನ ಮೊದಲ ತಯಾರಿಕೆ 1987ರ ಬೆಳೆಯದು. ಇದರ ದ್ರಾಕ್ಷಿಯನ್ನು ಸ್ಯಾಂಟಿಯಾಗೊ ಸಮೀಪದ ಪುಯೆಂತೆ ಆಲ್ತೊದಲ್ಲಿ ಬೆಳೆಯಲಾಗುತ್ತದೆ. ಇದೇ ಸಂಸ್ಥೆಯ 'ಕಾಸಿಯೆರೊ ದೆಲ್ ದಿಯಾಬ್ಲೊ' ಎಂದರೆ 'ದೆವ್ವದ ನೆಲಮಾಳಿಗೆ'. ಕಳ್ಳತನ ತಡೆಯಲು ಮೆಲ್ಚೋರ್ ಅವರೇ ದೆವ್ವದ ವದಂತಿ ಹಬ್ಬಿಸಿದರೆಂಬ ಐತಿಹ್ಯವಿದೆ.
* ಡಾನ್ ಮ್ಯಾಕ್ಸಿಮಿಯಾನೊ: 1870ರಲ್ಲಿ ಅಕೊಂಕಾಗ್ವಾ ಕಣಿವೆಯಲ್ಲಿ ದ್ರಾಕ್ಷಿ ತೋಟ ಆರಂಭಿಸಿದ ಮ್ಯಾಕ್ಸಿಮಿಯಾನೊ ಎರ್ರಾಸುರಿಸ್ ಅವರ ಸ್ಮರಣಾರ್ಥ ಹೆಸರಿಸಲಾದುದು.
* ವಿನ್ಯೆದೊ ಚಾಡ್ವಿಕ್: ಎರ್ರಾಸುರಿಸ್ ವಂಶದ ಅಲ್ಫೋನ್ಸೊ ಚಾಡ್ವಿಕ್ ಅವರ ಗೌರವಾರ್ಥ ಮಗ ಎಡ್ವಾರ್ಡೊ ರೂಪಿಸಿದ ವೈನ್. ತಂದೆಯ ಪೋಲೊ ಮೈದಾನವನ್ನೇ 1992ರಲ್ಲಿ ದ್ರಾಕ್ಷಿ ತೋಟವಾಗಿ ಪರಿವರ್ತಿಸಲಾಯಿತು.

ಮಹತ್ವ

19ನೆಯ ಶತಮಾನದ ಉತ್ತರಾರ್ಧದಲ್ಲಿ ಬೇರನ್ನು ಹೀರುವ ಫಿಲಾಕ್ಸೆರಾ ಕೀಟವು ಯುರೋಪಿನ ತೋಟಗಳನ್ನು ನಾಶಪಡಿಸಿತು. ಆದರೆ ಚಿಲಿಯ ತೋಟಗಳು ಈ ಪಿಡುಗಿನಿಂದ ಪಾರಾದವು. ಹೀಗಾಗಿ ಪ್ರವರ್ತಕರ ಕಾಲದಲ್ಲಿ ತಂದ ತಳಿಗಳು ಅಲ್ಲಿ ಉಳಿದುಕೊಂಡವು. ಫ್ರಾನ್ಸಿನ ಬೋರ್ಡೊ ಪ್ರದೇಶದಿಂದ ಬಹುಮಟ್ಟಿಗೆ ಮರೆಯಾಗಿದ್ದ ಕಾರ್ಮೆನೇರ್ ತಳಿಯನ್ನು ಚಿಲಿಯಲ್ಲಿ ಮೆರ್ಲೊ ಎಂದೇ ಭಾವಿಸಿ ಬೆಳೆಸಲಾಗುತ್ತಿತ್ತು. 1994ರಲ್ಲಿ ಫ್ರೆಂಚ್ ತಜ್ಞ ಜಾನ್-ಮಿಶೆಲ್ ಬೂರ್ಸಿಕೊ ಅದನ್ನು ಗುರುತಿಸಿದರು.

ಸೀಸೆಗಳ ಮೇಲಿರುವ ಹೆಸರುಗಳು ಬಹುತೇಕ ಸಿರಿವಂತ ಭೂಮಾಲೀಕರವು. ಜಮೀನ್ದಾರಿ ಪದ್ಧತಿಯಲ್ಲಿ ಆ ಜಮೀನುಗಳಲ್ಲಿ ದುಡಿದ 'ಇಂಕಿಲೀನೊ' ಎಂಬ ಗೇಣಿ ಕಾರ್ಮಿಕರ ಹೆಸರುಗಳು ಅಲ್ಲಿ ಕಾಣಸಿಗುವುದು ವಿರಳ.

ಮನ್ನಣೆ

2004ರಲ್ಲಿ ಬರ್ಲಿನ್‌ನಲ್ಲಿ ಹೆಸರು ಮರೆಮಾಡಿ ನಡೆಸಿದ ರುಚಿ ಪರೀಕ್ಷೆಯಲ್ಲಿ ವಿನ್ಯೆದೊ ಚಾಡ್ವಿಕ್ 2000 ವೈನ್ ಫ್ರಾನ್ಸಿನ ಹೆಸರಾಂತ ವೈನ್‌ಗಳನ್ನು ಹಿಂದಿಕ್ಕಿ ಪ್ರಥಮ ಸ್ಥಾನ ಪಡೆಯಿತು. 2024ರಲ್ಲಿ 'ವೈನ್ ಸ್ಪೆಕ್ಟೇಟರ್' ಪತ್ರಿಕೆಯು ಡಾನ್ ಮೆಲ್ಚೋರ್ 2021 ಅನ್ನು ವರ್ಷದ ವೈನ್ ಎಂದು ಆಯ್ಕೆ ಮಾಡಿತು.