ಮೊಬೈಲ್ ಗೀಳು ಮಕ್ಕಳಿಗೆ ಮಾತ್ರವೇ?

"ಮಗ ಇಡೀ ದಿನ ಮೊಬೈಲಲ್ಲೇ ಇರುತ್ತಾನೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಏನಾದರೂ ಮಾಜೂನ್ ಕೊಡಿ ಡಾಕ್ಟ್ರೇ" ಎಂದು ಕೇಳುವ ಹೆತ್ತವರು ಈಗ ಹೆಚ್ಚು. ಮನೆಯಲ್ಲಿ ಯಾರೆಲ್ಲ ಮೊಬೈಲನ್ನು ದಿಂಬಿನ ಪಕ್ಕ ಇಟ್ಟು ಮಲಗುತ್ತೀರಿ ಎಂದು ನಾನು ಕೇಳುತ್ತೇನೆ. ಹೆಚ್ಚಾಗಿ ಸಿಗುವ ಉತ್ತರ, "ಎಲ್ಲರೂ."

ಯುನಾನಿಯಲ್ಲಿ ಆರೋಗ್ಯಕ್ಕೆ ಆಧಾರವಾದ ಆರು ಅಂಶಗಳಿಗೆ 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎನ್ನುತ್ತಾರೆ. ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ ಅವುಗಳಲ್ಲಿ ಮೂರು. ಮೊಬೈಲ್ ಈ ಮೂರನ್ನೂ ಒಟ್ಟಿಗೇ ಕೆಡಿಸುತ್ತದೆ. ರಾತ್ರಿ ಕಣ್ಣಿಗೆ ಬೀಳುವ ಬೆಳಕು ನಿದ್ರೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ತಡವಾಗಿಸುತ್ತದೆ. ಮುಂದಿನ ರೀಲ್ಸ್‌ನಲ್ಲಿ ಏನಿದೆಯೋ ಎಂಬ ಕುತೂಹಲ ಮನಸ್ಸನ್ನು ಬಿಡುವುದಿಲ್ಲ. ಇಶಾ ಮುಗಿಸಿ ಹಾಸಿಗೆಗೆ ಹೋದವರು ಒಂದು ಗಂಟೆಗೆ ಮಲಗಿದರೆ ಫಜ್ರ್‌ಗೆ ಏಳುವುದು ಹೇಗೆ? ನಿದ್ರೆಗೆಟ್ಟರೆ ಸಿಡುಕು, ಆತಂಕ. ಅದನ್ನು ಮರೆಯಲು ಮತ್ತೆ ಮೊಬೈಲ್.

ಎರಡು ವರ್ಷದೊಳಗಿನ ಮಗುವಿಗೆ ಮೊಬೈಲ್ ತೋರಿಸಿ ಉಣಿಸುವುದು ಬೇಡವೇ ಬೇಡ. ಒಂದು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹದಿಹರೆಯದವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾನು ಬಿಡುತ್ತೇನೆ. ಗಲ್ಫ್‌ನಲ್ಲಿರುವ ಗಂಡನೊಡನೆ ರಾತ್ರಿ ಮಾತಾಡುವ ಹೆಂಡತಿಯದನ್ನು ಗೀಳು ಎನ್ನಲಾಗದು. ಆದರೆ ಕರೆ ಮುಗಿದ ಮೇಲೂ ಮೊಬೈಲ್ ಕೈಯಲ್ಲೇ ಇದ್ದರೆ ಯೋಚಿಸಬೇಕು.

ನನಗೆ ಹೆಚ್ಚು ಚಿಂತೆ ಹಿರಿಯರದು. ಮಕ್ಕಳು ದೂರ, ಮಾತಾಡಲು ಜನವಿಲ್ಲ, ಜೊತೆಗಿರುವುದು ವಾಟ್ಸಪ್ ಒಂದೇ. ಗಲಭೆಯ, ಅಪಘಾತದ ವೀಡಿಯೋಗಳನ್ನು ದಿನವಿಡೀ ನೋಡಿ ಎದೆ ಢವಢವ ಎನ್ನುತ್ತದೆ ಎಂದು ಬರುತ್ತಾರೆ. ಯಾರೋ ಕಳಿಸಿದ ಮೆಸೇಜ್ ನಂಬಿ ಬಿಪಿ, ಶುಗರ್ ಮಾತ್ರೆ ನಿಲ್ಲಿಸುವವರೂ ಇದ್ದಾರೆ. ಅವರ ಕೈಯಿಂದ ಮೊಬೈಲ್ ಕಿತ್ತುಕೊಂಡರೆ ಒಂಟಿತನ ಇನ್ನೂ ಹೆಚ್ಚುತ್ತದೆ. ಮೊದಲು ಪಕ್ಕದಲ್ಲಿ ಕೂತು ಮಾತಾಡಿ.

ಇದಕ್ಕೆ ನನ್ನ ಬಳಿ ಮಾಜೂನ್ ಇಲ್ಲ. ಮಲಗುವ ಕೋಣೆಯ ಹೊರಗೆ ಒಂದೇ ಕಡೆ ಎಲ್ಲರ ಮೊಬೈಲ್ ಚಾರ್ಜ್‌ಗೆ ಇಡಿ, ಅಬ್ಬನದೂ ಸೇರಿ. ಊಟದ ಸುಪ್ರದಲ್ಲಿ ಮೊಬೈಲ್ ಬೇಡ. ಮೊಬೈಲ್ ತೆಗೆದಿಟ್ಟರೆ ಹೊಡೆಯಲು ಬರುವುದು, ಶಾಲೆ ಬಿಡುವುದು, ವಾರಗಟ್ಟಲೆ ನಿದ್ರೆ ಇಲ್ಲದಿರುವುದು, ಸಾಯುವ ಮಾತು, ಇವು ಕಂಡರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಕ್ಲಿನಿಕ್ ಇದೆ. ದೂರದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.