ಡೌನ್ ಸಿಂಡ್ರೋಮ್ ಮತ್ತು ಅಕಾಲದ ಮರೆವು: ಮಿದುಳಿನ ಚಿತ್ರಗಳು ತಿಳಿಸುವುದೇನು?

ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟಿದ ಮಗು ಬಹುಕಾಲ ಬಾಳದೆಂಬ ನಂಬಿಕೆ ಹಿಂದೆ ಬಲವಾಗಿತ್ತು. ಹೃದಯದ ಶಸ್ತ್ರಚಿಕಿತ್ಸೆ, ಸೋಂಕು ನಿವಾರಕ ಔಷಧಗಳು ಮತ್ತು ಮನೆಯವರ ಆರೈಕೆಯ ಫಲವಾಗಿ ಆ ಸ್ಥಿತಿ ಬದಲಾಗಿದೆ. ವೈದ್ಯಕೀಯ ಸೌಲಭ್ಯ ಉತ್ತಮವಾಗಿರುವ ದೇಶಗಳಲ್ಲಿ ಇವರ ಸರಾಸರಿ ಆಯಸ್ಸು ಇಂದು 60 ವರ್ಷಗಳ ಸಮೀಪದಲ್ಲಿದೆ. ಆದರೆ ಆಯಸ್ಸು ಹೆಚ್ಚಿದಂತೆ ಬೇರೊಂದು ಕಷ್ಟವೂ ಎದುರಾಗಿದೆ. ಅದೇ ಆಲ್ಜೈಮರ್ ರೋಗ.

ಇವೆರಡಕ್ಕೂ ಇರುವ ನಂಟು ಆಕಸ್ಮಿಕವಲ್ಲ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ 1866ರಲ್ಲಿ ವಿವರಿಸಿದ ಈ ಸ್ಥಿತಿಗೆ 21ನೆಯ ವರ್ಣತಂತು ಎರಡರ ಬದಲು ಮೂರಿರುವುದೇ ಕಾರಣವೆಂದು 1959ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಅಮಿಲಾಯ್ಡ್ ಎಂಬ ಪದಾರ್ಥಕ್ಕೆ ಮೂಲವಾದ ಪ್ರೋಟೀನಿನ ಜೀನು ಇದೇ ವರ್ಣತಂತುವಿನಲ್ಲಿದೆ ಎಂಬುದು 1987ರಲ್ಲಿ ತಿಳಿಯಿತು. ಜೀನು ಮೂರು ಪ್ರತಿಗಳಲ್ಲಿರುವುದರಿಂದ ಅಮಿಲಾಯ್ಡ್ ಹೆಚ್ಚಾಗಿ ಉತ್ಪತ್ತಿಯಾಗಿ, ಮಿದುಳಿನಲ್ಲಿ ಗಸಿಯಂತೆ ಶೇಖರವಾಗುತ್ತದೆ. 40 ವರ್ಷ ದಾಟುವ ವೇಳೆಗೆ ಬಹುಮಟ್ಟಿಗೆ ಎಲ್ಲರ ಮಿದುಳಿನಲ್ಲಿಯೂ ಈ ಗಸಿ ಕಂಡುಬರುತ್ತದೆ. ಮರೆವಿನ ಲಕ್ಷಣಗಳಾದರೋ ಸಾಮಾನ್ಯವಾಗಿ 50ರ ಆಸುಪಾಸಿನಲ್ಲಿ ತೋರುತ್ತವೆ.

ಈ ಹತ್ತಾರು ವರ್ಷಗಳ ಅಂತರದಲ್ಲಿ ಮಿದುಳಿನೊಳಗೆ ನಡೆಯುವುದೇನು? ಮೊದಲು ಇದನ್ನು ಮರಣೋತ್ತರ ಪರೀಕ್ಷೆಯಿಂದಲೇ ಊಹಿಸಬೇಕಾಗಿತ್ತು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ತಯಾರಾದ ಒಂದು ರಾಸಾಯನಿಕ ಈ ಕೊರತೆಯನ್ನು ನೀಗಿತು. ಅದನ್ನು ಬಳಸಿ ಜೀವಂತ ಮನುಷ್ಯರಲ್ಲಿ ಪಡೆದ ಚಿತ್ರಗಳು 2004ರಲ್ಲಿ ಪ್ರಕಟವಾದವು. ವಿಕಿರಣಶೀಲ ಇಂಗಾಲವನ್ನು ಹೊತ್ತ ಈ ರಾಸಾಯನಿಕವನ್ನು ರಕ್ತನಾಳಕ್ಕೆ ಚುಚ್ಚಿದರೆ ಅದು ಅಮಿಲಾಯ್ಡ್‌ಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಹೊಮ್ಮುವ ಕಿರಣಗಳನ್ನು ಪೆಟ್ ಯಂತ್ರವು ಗ್ರಹಿಸಿ ಚಿತ್ರವಾಗಿ ಮೂಡಿಸುತ್ತದೆ. ಆ ಇಂಗಾಲದ ಶಕ್ತಿ ಸುಮಾರು 20 ನಿಮಿಷಗಳಲ್ಲಿ ಅರ್ಧಕ್ಕಿಳಿಯುವುದರಿಂದ, ಸುಮಾರು 110 ನಿಮಿಷಗಳ ಅರ್ಧಾಯುಷ್ಯವುಳ್ಳ ಫ್ಲೋರಿನ್ ಬಳಸುವ ರಾಸಾಯನಿಕಗಳೂ ಮುಂದೆ ಬಂದವು.

ಡೌನ್ ಸಿಂಡ್ರೋಮ್ ಉಳ್ಳ ಅನೇಕರಲ್ಲಿ ಅಮಿಲಾಯ್ಡ್ ಮೊದಲಿಗೆ ಮಿದುಳಿನ ಆಳದ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಕಾಣಿಸಿಕೊಂಡಿತು. ಅನಂತರ ಟೌ ಎಂಬ ಪ್ರೋಟೀನು ನರಕೋಶಗಳೊಳಗೆ ಎಳೆಎಳೆಯಾಗಿ ಸಿಕ್ಕುಗಟ್ಟುತ್ತದೆ. ಬಳಿಕ ಮಿದುಳು ಸಕ್ಕರೆಯನ್ನು ಬಳಸುವ ಪ್ರಮಾಣ ತಗ್ಗುತ್ತದೆ. ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಕುಗ್ಗುವುದು ಎಂ.ಆರ್.ಐ. ಚಿತ್ರದಲ್ಲಿ ಗೋಚರಿಸುತ್ತದೆ.

ಆದರೂ ಚಿತ್ರವೇ ರೋಗನಿರ್ಣಯವಲ್ಲ. ಅಮಿಲಾಯ್ಡ್ ಕಂಡ ಮಾತ್ರಕ್ಕೆ ವ್ಯಕ್ತಿಗೆ ಮರೆವು ಬಂದಿದೆಯೆಂದು ಹೇಳಲಾಗದು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದುಂಟು. ತಾನೇ ಸ್ನಾನ ಮಾಡಿ, ತನ್ನ ತಟ್ಟೆ ತಾನೇ ತೊಳೆಯುತ್ತಿದ್ದವನು ಅದನ್ನು ಬಿಟ್ಟಾಗ, "ಅವನ ಸ್ವಭಾವವೇ ಹಾಗೆ" ಎಂದು ಸುಮ್ಮನಾಗುವುದು ಒಂದು ತಪ್ಪು. ಕೂಡಲೇ "ಆಲ್ಜೈಮರ್" ಎಂದು ಕೈಚೆಲ್ಲುವುದು ಮತ್ತೊಂದು ತಪ್ಪು. ಥೈರಾಯ್ಡ್ ಕೊರತೆ, ಕಿವುಡು, ಕಣ್ಣಿನ ಪೊರೆ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ, ಖಿನ್ನತೆ ಇವೆಲ್ಲ ಇವರಲ್ಲಿ ಸಾಮಾನ್ಯ, ಇವೆಲ್ಲಕ್ಕೂ ಚಿಕಿತ್ಸೆಯುಂಟು. ಮೊದಲು ಇವುಗಳನ್ನು ಪರೀಕ್ಷಿಸಬೇಕು.

ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ದೊರೆಯಿತು. ಆದರೆ ಅದಕ್ಕೆ ಆಧಾರವಾದ ಪ್ರಯೋಗ ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ನಡೆದುದಲ್ಲ. ಇವರ ರಕ್ತನಾಳಗಳ ಗೋಡೆಗಳಲ್ಲಿಯೂ ಅಮಿಲಾಯ್ಡ್ ಹೆಚ್ಚಾಗಿ ಸೇರಿರುವುದರಿಂದ ರಕ್ತಸ್ರಾವದ ಭಯವುಂಟು. ಆದುದರಿಂದ ಇವರಿಗಾಗಿಯೇ ಪ್ರತ್ಯೇಕ ಪ್ರಯೋಗಗಳು ಅವಶ್ಯಕ. ಚಿತ್ರಣದ ನಿಜವಾದ ಬೆಲೆ ಇಲ್ಲಿದೆ: ಲಕ್ಷಣ ಕಾಣುವ ಮುನ್ನವೇ ಔಷಧ ಕೆಲಸ ಮಾಡುತ್ತಿದೆಯೇ ಎಂಬುದನ್ನು ಅದು ಸೂಚಿಸಬಲ್ಲದು.

ಪೆಟ್ ಯಂತ್ರ ಎಲ್ಲರಿಗೂ ಎಟುಕದು. ಎಲ್ಲರಿಗೂ ಬೇಕಾಗಿಯೂ ಇಲ್ಲ. ಮನೆಯವರ ಕೈಯಲ್ಲಿ ಬೇರೊಂದು ಸಾಧನವಿದೆ. ಮಗ ಅಥವಾ ಮಗಳು 35 ವರ್ಷ ತಲುಪುವಷ್ಟರಲ್ಲಿ ಅವರು ಮಾಡಬಲ್ಲ ಕೆಲಸಗಳು, ಗುರುತಿಸುವ ಮುಖಗಳು, ಆಡುವ ಮಾತುಗಳು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ವರ್ಷಕ್ಕೊಮ್ಮೆ ಹೋಲಿಸಿ ನೋಡಬೇಕು. ಇವರನ್ನು ಅನ್ಯರೊಡನೆ ಹೋಲಿಸಿದರೆ ಏನೂ ತಿಳಿಯದು. ಅವರ ನಿನ್ನೆಯೊಡನೆಯೇ ಹೋಲಿಸಬೇಕು. ತಂದೆತಾಯಿಗಳೂ ವೃದ್ಧರಾಗುವ ಕಾಲವದು. ಮುಂದೆ ಆರೈಕೆಯ ಹೊಣೆ ಹೊರುವ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ, ವೈದ್ಯರಿಗೂ ಆ ಪುಸ್ತಕವೇ ದಾರಿದೀಪವಾಗಬಲ್ಲದು.