ಲಕ್ಷಾಂತರ ರೂಪಾಯಿಯ ವಾಚ್‌ಗೆ ಕಡಿಮೆ ಖರ್ಚಿನಲ್ಲಿ ವಿಮೆ: ಪ್ರೀಮಿಯಂ ನೋಡುವ ಮೊದಲು ಕಳ್ಳತನಕ್ಕೆ ರಕ್ಷಣೆ ಇದೆಯೇ ನೋಡಿ

ಕಾರು ಕೊಂಡವರು ವಿಮೆ ಇಲ್ಲದೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ. ಆದರೆ ಅದೇ ಕಾರಿನಷ್ಟು ಬೆಲೆಬಾಳುವ ರೋಲೆಕ್ಸ್ ಅಥವಾ ಒಮೆಗಾ ವಾಚ್ ಕಟ್ಟಿಕೊಂಡು ಲೋಕಲ್ ರೈಲು ಹತ್ತಲು, ಮದುವೆ ಮನೆಗೆ ಹೋಗಲು ಯಾವ ವಿಮೆಯೂ ಕಡ್ಡಾಯವಲ್ಲ. ಹಾಗಾಗಿ ಅನೇಕರಿಗೆ ವಿಮೆಯ ನೆನಪಾಗುವುದೇ ವಾಚ್ ಕಳೆದುಹೋದ ಮೇಲೆ. ಇನ್ನು ಕೆಲವರು, ಮನೆಗೆ ವಿಮೆ ಮಾಡಿಸಿದ್ದೇವೆ, ವಾಚ್ ಕೂಡ ಅದರಲ್ಲೇ ಬರುತ್ತದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಈ ನಂಬಿಕೆ ಎಷ್ಟು ಸರಿ? ಕಡಿಮೆ ಖರ್ಚಿನಲ್ಲಿ ವಾಚ್‌ಗೆ ವಿಮೆ ಮಾಡಿಸುವುದು ಹೇಗೆ? ಇಲ್ಲಿದೆ ವಿವರ.

ಮನೆ ವಿಮೆ ಇದ್ದರೆ ವಾಚ್ ಸುರಕ್ಷಿತವೇ?

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ (ಐಆರ್‌ಡಿಎಐ) ಸೂಚನೆಯಂತೆ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಮನೆ ವಿಮಾ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಬಿರುಗಾಳಿ, ಗಲಭೆ ಮುಂತಾದವುಗಳಿಂದ ಮನೆಗೂ ಮನೆಯೊಳಗಿನ ವಸ್ತುಗಳಿಗೂ ಆಗುವ ಹಾನಿಯನ್ನು ಇದು ತುಂಬಿಕೊಡುತ್ತದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಮನೆಯ ಸಾಮಾನ್ಯ ವಸ್ತುಗಳಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಬಾಡಿಗೆ ಮನೆಯಲ್ಲಿ ಇರುವವರು ಕಟ್ಟಡವನ್ನು ಬಿಟ್ಟು ವಸ್ತುಗಳಿಗಷ್ಟೇ ಪಾಲಿಸಿ ಪಡೆಯಬಹುದು. ಕೆಲಸದ ನಿಮಿತ್ತ ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ಬಾಡಿಗೆ ಮನೆ ಹಿಡಿದಿರುವ ಕನ್ನಡಿಗರು ಇದನ್ನು ಗಮನದಲ್ಲಿಡಬೇಕು.

ಆದರೆ ದುಬಾರಿ ವಾಚ್ ಇಟ್ಟುಕೊಂಡವರು ಎರಡು ವಿಷಯ ತಿಳಿದಿರಬೇಕು. ಮೊದಲನೆಯದು, ಆಭರಣ, ಬೆಳ್ಳಿ ಸಾಮಾನು, ಕಲಾಕೃತಿಗಳಂಥ ಬೆಲೆಬಾಳುವ ವಸ್ತುಗಳು ಈ ಪಾಲಿಸಿಯಲ್ಲಿ ಸಾಮಾನ್ಯ ವಸ್ತುಗಳ ಸಾಲಿಗೆ ಸೇರುವುದಿಲ್ಲ. ಅವುಗಳಿಗೆ ಪ್ರತ್ಯೇಕ ಐಚ್ಛಿಕ ರಕ್ಷಣೆ ಪಡೆಯಬೇಕು. ಒಟ್ಟು ವಿಮಾ ಮೊತ್ತ 5 ಲಕ್ಷ ರೂಪಾಯಿ ಹಾಗೂ ಒಂದೊಂದು ವಸ್ತುವಿನ ಬೆಲೆ 1 ಲಕ್ಷ ರೂಪಾಯಿ ಮೀರದಿದ್ದರೆ ಮೌಲ್ಯಮಾಪನ ಪ್ರಮಾಣಪತ್ರ ಬೇಡ. ಅದಕ್ಕಿಂತ ಹೆಚ್ಚಿನ ಬೆಲೆಯ ವಸ್ತುಗಳಿಗೆ ಪ್ರಮಾಣಪತ್ರ ಬೇಕು. ದುಬಾರಿ ವಾಚ್ ಯಾವ ವಿಭಾಗದಲ್ಲಿ ಬರುತ್ತದೆ ಎಂಬುದನ್ನು ವಿಮಾ ಕಂಪನಿಯಿಂದ ಬರಹದಲ್ಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಇನ್ನೂ ಮುಖ್ಯ. ಈ ಪಾಲಿಸಿಯ ಮೂಲ ರೂಪದಲ್ಲಿ ಕಳ್ಳತನಕ್ಕೆ ಸಿಗುವ ರಕ್ಷಣೆ ಬಹಳ ಸೀಮಿತ. ಬೆಂಕಿ, ಪ್ರವಾಹದಂಥ ವಿಮೆಗೆ ಒಳಪಟ್ಟ ಘಟನೆ ನಡೆದು, ಅದರ ಕಾರಣದಿಂದಲೇ 7 ದಿನಗಳೊಳಗೆ ಕಳವಾದರೆ ಮಾತ್ರ ಪರಿಹಾರ ಸಿಗುತ್ತದೆ. ಊರಿಗೆ ಹೋಗಿದ್ದಾಗ ಬೀಗ ಒಡೆದು ವಾಚ್ ಕದ್ದೊಯ್ದರೆ ಮೂಲ ಪಾಲಿಸಿಯಿಂದ ಹಣ ಬರುವುದಿಲ್ಲ. ಅದಕ್ಕೆ ಕನ್ನಗಳವಿನ ಹೆಚ್ಚುವರಿ ರಕ್ಷಣೆ ಇರಬೇಕು. ವಾಚ್‌ಗೆ ಬೆಂಕಿ, ಪ್ರವಾಹಕ್ಕಿಂತ ಹೆಚ್ಚಿನ ಅಪಾಯ ಕಳ್ಳರಿಂದಲೇ ಇರುವುದು ಎಂಬುದನ್ನು ಮರೆಯಬಾರದು.

ಕನ್ನಗಳವು ಬೇರೆ, ಕಳ್ಳತನ ಬೇರೆ

ಆಡುಮಾತಿನಲ್ಲಿ ಎರಡೂ ಒಂದೇ. ವಿಮೆಯ ಭಾಷೆಯಲ್ಲಿ ಹಾಗಲ್ಲ. ಬಾಗಿಲು ಮುರಿದು ಅಥವಾ ಬಲಪ್ರಯೋಗ ಮಾಡಿ ಒಳನುಗ್ಗಿದರೆ ಮಾತ್ರ ಕನ್ನಗಳವು ಎಂದು ಅನೇಕ ಪಾಲಿಸಿಗಳು ವ್ಯಾಖ್ಯಾನಿಸುತ್ತವೆ. ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದೇ ಮಾತನ್ನು ಎತ್ತಿಹಿಡಿದಿದೆ. ಪಾಲಿಸಿಯಲ್ಲಿ ಬಲಪ್ರಯೋಗದ ಷರತ್ತು ಇದ್ದರೆ, ಬಲಪ್ರಯೋಗ ಇಲ್ಲದ ಕಳ್ಳತನಕ್ಕೆ ಪರಿಹಾರ ಕೇಳಲಾಗದು ಎಂದು ನ್ಯಾಯಾಲಯ ಹೇಳಿದೆ.

ಅಂದರೆ, ಮನೆಗೆ ಬಂದುಹೋಗುವವರು ಮೇಜಿನ ಮೇಲಿದ್ದ ವಾಚ್ ಎತ್ತಿಕೊಂಡು ಹೋದರೆ ಅದು ಕನ್ನಗಳವು ಎನಿಸಿಕೊಳ್ಳದೇ ಹೋಗಬಹುದು. ಆದ್ದರಿಂದ ಪಾಲಿಸಿಯಲ್ಲಿ ಕನ್ನಗಳವಿನ ಜತೆಗೆ ಕಳ್ಳತನ ಎಂಬ ಪದವೂ ಸ್ಪಷ್ಟವಾಗಿ ಇದೆಯೇ ಎಂದು ಪರಿಶೀಲಿಸಿ.

ವಾಚ್‌ಗೆ ಸರಿಹೊಂದುವ ವಿಮೆ ಯಾವುದು?

ವಾಚ್ ಇರುವುದು ಕೈಯಲ್ಲಿ. ಅದು ಮನೆಯಲ್ಲಿರುವ ಸಮಯಕ್ಕಿಂತ ಹೊರಗೆ ಓಡಾಡುವ ಸಮಯವೇ ಹೆಚ್ಚಿರಬಹುದು. ಮನೆಯ ನಾಲ್ಕು ಗೋಡೆಗೆ ಸೀಮಿತವಾದ ವಿಮೆ ಅದಕ್ಕೆ ಸಾಲದು. ಇಂಥ ವಸ್ತುಗಳಿಗೆಂದೇ 'ಆಲ್ ರಿಸ್ಕ್' ಎಂಬ ವಿಮೆ ಇದೆ. ಕೆಲವು ಕಂಪನಿಗಳು ಇದನ್ನು ಪ್ರತ್ಯೇಕ ಪಾಲಿಸಿಯಾಗಿ ಕೊಟ್ಟರೆ, ಇನ್ನು ಕೆಲವು ಗೃಹಸ್ಥರ ಪ್ಯಾಕೇಜ್ ಪಾಲಿಸಿಯ ಒಂದು ವಿಭಾಗವಾಗಿ ಕೊಡುತ್ತವೆ. ಮನೆಯ ಹೊರಗೆ ನಡೆಯುವ ಕಳ್ಳತನ, ದರೋಡೆ, ಅಪಘಾತದಿಂದಾಗುವ ಹಾನಿಗೂ ಇದರಲ್ಲಿ ರಕ್ಷಣೆ ಸಿಗುತ್ತದೆ. ಕಳ್ಳತನ ಮಾತ್ರವಲ್ಲದೆ ವಾಚ್ ಎಲ್ಲೋ ಬಿದ್ದುಹೋದರೂ ಪರಿಹಾರ ಸಿಗುತ್ತದೆಯೇ, ರಕ್ಷಣೆ ದೇಶದೊಳಗೆ ಮಾತ್ರವೇ ಅಥವಾ ವಿದೇಶಕ್ಕೂ ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

'ಆಲ್ ರಿಸ್ಕ್' ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲ ಅಪಾಯಗಳೂ ಇದರೊಳಗೆ ಬರುತ್ತವೆ ಎಂದಲ್ಲ. ಸವಕಳಿ, ಯಂತ್ರದ ದೋಷ, ಹೆಚ್ಚು ಕೀಲಿ ಕೊಟ್ಟು ಆಗುವ ಹಾನಿ, ಕೇಸ್ ನೆಗ್ಗುವುದು ಇಂಥವನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಬೀಗ ಹಾಕದ ಕಾರಿನಿಂದ ಕಳುವಾದರೆ ಪರಿಹಾರ ಇಲ್ಲ ಎಂಬ ಷರತ್ತೂ ಇರುತ್ತದೆ. ಇನ್ನು ಕಂಪನಿ ಕೊಡುವ ವಾರಂಟಿ ತಯಾರಿಕಾ ದೋಷಕ್ಕೆ ಮಾತ್ರ. ಕಳ್ಳತನಕ್ಕೂ ವಾರಂಟಿಗೂ ಸಂಬಂಧವೇ ಇಲ್ಲ. ಪ್ರವಾಸ ವಿಮೆಯ ಲಗೇಜ್ ರಕ್ಷಣೆಯಲ್ಲೂ ಆಭರಣ, ವಾಚ್‌ಗಳನ್ನು ಹೊರಗಿಡುವುದು ಸಾಮಾನ್ಯ.

ಪ್ರೀಮಿಯಂ ಉಳಿಸುವುದು ಹೇಗೆ?

ಪ್ರೀಮಿಯಂ ಎಂಬುದು ವಾಚ್‌ನ ಮೌಲ್ಯ, ನೀವು ಇರುವ ಊರು, ವಾಚ್ ಇಡುವ ಜಾಗ ಮತ್ತು ರಕ್ಷಣೆಯ ವ್ಯಾಪ್ತಿಯ ಮೇಲೆ ನಿರ್ಧಾರವಾಗುತ್ತದೆ. ಲೆಕ್ಕಕ್ಕಾಗಿ ದರ ಶೇ 1 ಎಂದುಕೊಂಡರೆ, 6 ಲಕ್ಷ ರೂಪಾಯಿಯ ವಾಚ್‌ಗೆ ವರ್ಷಕ್ಕೆ 6,000 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 7,080 ರೂಪಾಯಿ ಆಗುತ್ತದೆ. ಇದನ್ನು ತಗ್ಗಿಸಲು ಕೆಲವು ದಾರಿಗಳಿವೆ.

* ಪ್ರತ್ಯೇಕ ಪಾಲಿಸಿಗೂ, ಮನೆ ವಿಮೆಯ ಜತೆ ಸೇರಿಸುವ ರಕ್ಷಣೆಗೂ ಎರಡೆರಡು ಕಂಪನಿಗಳಿಂದ ದರಪಟ್ಟಿ ತರಿಸಿ ಹೋಲಿಸಿ ನೋಡಿ.
* ಇರುವ ಎಲ್ಲ ವಾಚ್‌ಗಳಿಗೂ ವಿಮೆ ಬೇಡ. ಕಳೆದುಹೋದರೆ ಉಳಿತಾಯಕ್ಕೆ ದೊಡ್ಡ ಪೆಟ್ಟು ಬೀಳುವಂಥದ್ದಕ್ಕೆ ಮಾತ್ರ ಸಾಕು.
* ಸಣ್ಣ ನಷ್ಟವನ್ನು ನೀವೇ ಭರಿಸುವುದಾಗಿ ಒಪ್ಪಿದರೆ, ಅಂದರೆ ಡಿಡಕ್ಟಿಬಲ್ ಹೆಚ್ಚಿಸಿಕೊಂಡರೆ ಪ್ರೀಮಿಯಂ ಇಳಿಯುತ್ತದೆ. ಗಾಜಿನ ಮೇಲಿನ ಗೀರಿಗಾಗಿ ವಿಮೆ ಮಾಡಿಸುವ ಅಗತ್ಯವಿಲ್ಲ.
* ವರ್ಷದಲ್ಲಿ ಎರಡು ಮೂರು ಸಲ ಮಾತ್ರ ಕಟ್ಟುವ ವಾಚ್ ಆಗಿದ್ದು, ಅದು ಲಾಕರ್‌ನಲ್ಲೇ ಇರುವುದಾದರೆ ಅದನ್ನು ತಿಳಿಸಿ ರಿಯಾಯಿತಿ ಕೇಳಿ. ಆದರೆ ಲಾಕರ್‌ನಲ್ಲಿದೆ ಎಂದು ಬರೆದುಕೊಟ್ಟು ದಿನವೂ ಕಟ್ಟಿಕೊಂಡು ಓಡಾಡಿದರೆ ಕ್ಲೇಮ್ ತಿರಸ್ಕೃತವಾಗಬಹುದು.

ಬ್ಯಾಂಕ್ ಲಾಕರ್ ಇದ್ದರೆ ವಿಮೆ ಏಕೆ ಎಂಬ ಪ್ರಶ್ನೆಗೂ ಉತ್ತರ ಇದೆ. ರಿಸರ್ವ್ ಬ್ಯಾಂಕ್ ನಿಯಮದಂತೆ 2022ರ ಜನವರಿ 1ರಿಂದ, ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರ್‌ನಲ್ಲಿದ್ದ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ರೂಪಾಯಿ ಇದ್ದರೆ 3 ಲಕ್ಷ ರೂಪಾಯಿ ಮಾತ್ರ. ಒಳಗಿದ್ದುದು 10 ಲಕ್ಷ ರೂಪಾಯಿಯ ವಾಚ್ ಆದರೂ ಅಷ್ಟೇ.

ಮೌಲ್ಯ ಕಡಿಮೆ ತೋರಿಸಿದರೆ ಏನಾಗುತ್ತದೆ?

ಪ್ರೀಮಿಯಂ ಉಳಿಸಲು ವಾಚ್‌ನ ಬೆಲೆಯನ್ನೇ ಕಡಿಮೆ ತೋರಿಸುವವರಿದ್ದಾರೆ. ಇದು ಉಳಿತಾಯವಲ್ಲ. 8 ಲಕ್ಷ ರೂಪಾಯಿಯ ವಾಚ್‌ಗೆ 4 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ ಎಂದುಕೊಳ್ಳಿ. ಕೈಜಾರಿ ಬಿದ್ದು ದುರಸ್ತಿಗೆ 1 ಲಕ್ಷ ರೂಪಾಯಿ ಖರ್ಚಾಯಿತು. ವಿಮಾ ಮೊತ್ತ 4 ಲಕ್ಷ ಇದೆಯಲ್ಲ, ಪೂರ್ತಿ ಸಿಗುತ್ತದೆ ಎಂದುಕೊಂಡರೆ ತಪ್ಪು. ಪಾಲಿಸಿಯಲ್ಲಿ 'ಸರಾಸರಿ' ಷರತ್ತು ಇದ್ದರೆ, ನೀವು ಅರ್ಧ ಮೌಲ್ಯಕ್ಕಷ್ಟೇ ವಿಮೆ ಮಾಡಿಸಿರುವುದರಿಂದ ನಷ್ಟದ ಅರ್ಧ, ಅಂದರೆ 50,000 ರೂಪಾಯಿ ಮಾತ್ರ ಸಿಗುತ್ತದೆ.

ಬೆಲೆಯನ್ನು ಹೆಚ್ಚು ತೋರಿಸಿದರೂ ಲಾಭವಿಲ್ಲ. ಪಾಲಿಸಿ ಮಾರುಕಟ್ಟೆ ಮೌಲ್ಯದ ಆಧಾರದ್ದಾದರೆ ಆ ದಿನದ ನಿಜವಾದ ಬೆಲೆಯಷ್ಟೇ ಕೈಗೆ ಬರುತ್ತದೆ. 2022ರ ಆರಂಭದಲ್ಲಿ ಗಗನಕ್ಕೇರಿದ್ದ ರೋಲೆಕ್ಸ್, ಪಾಟೆಕ್ ಫಿಲಿಪ್ ವಾಚ್‌ಗಳ ಮರುಮಾರಾಟ ಬೆಲೆ ನಂತರ ಇಳಿಯಿತು. ಸ್ವಿಟ್ಜರ್ಲೆಂಡ್ ಸೇರಿದಂತೆ ಇಎಫ್‌ಟಿಎ ದೇಶಗಳ ಜತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಸ್ವಿಸ್ ವಾಚ್‌ಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿಯಲಿದೆ. ಹೀಗಾಗಿ ಪ್ರತಿ ನವೀಕರಣದ ವೇಳೆ ಮೌಲ್ಯವನ್ನು ಹೊಸದಾಗಿ ನೋಡಿ. ಸಾಧ್ಯವಾದರೆ, ಎಷ್ಟು ಕೊಡಬೇಕೆಂದು ಮೊದಲೇ ನಿಗದಿ ಮಾಡುವ 'ಒಪ್ಪಿತ ಮೌಲ್ಯ'ದ ಪಾಲಿಸಿ ಕೇಳಿ.

ಬಿಲ್ ಇಲ್ಲದ ವಾಚ್ ಆದರೆ?

ಕ್ಲೇಮ್ ಗಟ್ಟಿಯಾಗಿ ನಿಲ್ಲುವುದು ದಾಖಲೆಗಳ ಮೇಲೆ. ಖರೀದಿ ಬಿಲ್, ವಾರಂಟಿ ಕಾರ್ಡ್, ಮೌಲ್ಯಮಾಪನ ಪ್ರಮಾಣಪತ್ರ, ಸರ್ವಿಸ್ ರಸೀದಿ, ವಾಚ್‌ನ ಎಲ್ಲ ಬದಿಯ ಫೋಟೊಗಳು ನಿಮ್ಮ ಬಳಿ ಇರಲಿ. ಅದರಲ್ಲೂ ಸೀರಿಯಲ್ ನಂಬರ್ ಮುಖ್ಯ. ಹೊಸ ರೋಲೆಕ್ಸ್ ವಾಚ್‌ಗಳಲ್ಲಿ ಇದು ಡಯಲ್ ಸುತ್ತಲಿನ ಒಳ ಉಂಗುರದ ಮೇಲಿರುತ್ತದೆ. 10 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಕೈಗಡಿಯಾರ ಖರೀದಿಗೆ 2025ರ ಏಪ್ರಿಲ್ 22ರಿಂದ ಶೇ 1ರಷ್ಟು ಟಿಸಿಎಸ್ ಅನ್ವಯವಾಗಿದೆ. ಆ ದಾಖಲೆಯೂ ಖರೀದಿಗೆ ಪುರಾವೆಯಾಗುತ್ತದೆ.

ಉಡುಗೊರೆಯಾಗಿ ಬಂದ ವಾಚ್‌ಗಳಿಗೆ ಬಿಲ್ ಇರುವುದಿಲ್ಲ. 2016ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಹ್ಯೂಬ್ಲಾಟ್ ವಾಚ್ ಕರ್ನಾಟಕದಲ್ಲಿ ಚರ್ಚೆಯಾದಾಗ ಎದ್ದ ಮುಖ್ಯ ಪ್ರಶ್ನೆಗಳು ಅದು ಎಲ್ಲಿಂದ ಬಂತು, ಬೆಲೆ ಎಷ್ಟು ಎಂಬುದೇ. ಸ್ನೇಹಿತರು ಕೊಟ್ಟ ಉಡುಗೊರೆ ಎಂದು ಹೇಳಿದ್ದ ಅವರು, ಬಳಿಕ ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ವಿಮಾ ಕಂಪನಿ ಸಾಮಾನ್ಯರಿಗೂ ಇವೇ ಪ್ರಶ್ನೆಗಳನ್ನು ಕೇಳುತ್ತದೆ. ಆದ್ದರಿಂದ ಉಡುಗೊರೆ ಕೊಟ್ಟವರಿಂದ ಒಂದು ಪತ್ರ, ಸಾಧ್ಯವಾದರೆ ಮೂಲ ಬಿಲ್‌ನ ಪ್ರತಿ ಪಡೆದಿಟ್ಟುಕೊಳ್ಳಿ. ವಿದೇಶದಿಂದ ತಂದ ವಾಚ್ ಆದರೆ ಸುಂಕ ಕಟ್ಟಿದ ರಸೀದಿ ಇರಲಿ. ಇಲ್ಲಿಂದ ದುಬಾರಿ ವಾಚ್ ಕಟ್ಟಿಕೊಂಡು ವಿದೇಶಕ್ಕೆ ಹೋಗುವವರು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಪಡೆದರೆ ಮರಳುವಾಗ ತೊಂದರೆ ಇರುವುದಿಲ್ಲ.

ಅಜ್ಜನ ಕಾಲದ ಎಚ್‌ಎಂಟಿ ವಾಚ್‌ನ ವಿಷಯ ಬೇರೆ. ಮನೆಯವರಿಗೆ ಅದು ಬೆಲೆ ಕಟ್ಟಲಾಗದ ವಸ್ತು. ಆದರೆ ವಿಮೆ ಕೊಡುವುದು ಮಾರುಕಟ್ಟೆಯ ಬೆಲೆಯನ್ನು ಮಾತ್ರ. ಅಂಥ ವಾಚ್‌ಗೆ ಪ್ರೀಮಿಯಂ ಕಟ್ಟುವುದಕ್ಕಿಂತ ಅದನ್ನು ಜೋಪಾನವಾಗಿ ಇಡುವುದೇ ಮೇಲು.

ಕಳುವಾದರೆ ತಕ್ಷಣ ಏನು ಮಾಡಬೇಕು?

ಮೊದಲು ಪೊಲೀಸ್ ದೂರು, ಜತೆಗೇ ವಿಮಾ ಕಂಪನಿಗೆ ಮಾಹಿತಿ. ತಡ ಮಾಡಬಾರದು. ರೈಲು, ಬಸ್ ಪ್ರಯಾಣದಲ್ಲಿ ಕಳುವಾದರೆ ಅದು ಯಾವ ಠಾಣೆಯ ವ್ಯಾಪ್ತಿ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಯಾವ ಠಾಣೆಯಲ್ಲಾದರೂ 'ಝೀರೊ ಎಫ್‌ಐಆರ್' ದಾಖಲಿಸಬಹುದು. ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ 3 ದಿನಗಳೊಳಗೆ ಸಹಿ ಹಾಕಬೇಕು. ದೂರಿನಲ್ಲಿ ಸೀರಿಯಲ್ ನಂಬರ್ ಬರೆಯಿಸಿ. ವಾಚ್ ಪತ್ತೆಯಾಗದಿದ್ದರೆ ಪೊಲೀಸರಿಂದ ಆ ಬಗ್ಗೆ ಅಂತಿಮ ವರದಿ ಪಡೆಯಬೇಕಾಗುತ್ತದೆ.

ಕ್ಲೇಮ್ ತಿರಸ್ಕೃತವಾದರೆ ಮೊದಲು ವಿಮಾ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಡಿ. ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳನ್ನು ಅಲ್ಲಿ ಶುಲ್ಕವಿಲ್ಲದೆ ವಿಚಾರಿಸಲಾಗುತ್ತದೆ. ಬೆಂಗಳೂರು, ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಒಂಬುಡ್ಸ್‌ಮನ್ ಕಚೇರಿಗಳಿವೆ. ನೀವು ವಾಸಿಸುವ ಊರಿನ ವ್ಯಾಪ್ತಿಯ ಕಚೇರಿಗೇ ದೂರು ಕೊಡಬಹುದು.

ಒಟ್ಟಿನಲ್ಲಿ, ಅತಿ ಕಡಿಮೆ ಪ್ರೀಮಿಯಂನ ಪಾಲಿಸಿಯೇ ಅಗ್ಗದ ವಿಮೆ ಎಂದುಕೊಳ್ಳಬೇಡಿ. ವರ್ಷವರ್ಷ ಹಣ ಕಟ್ಟಿ, ಕಳುವಾದ ದಿನ ಏನೂ ಸಿಗದಿದ್ದರೆ ಅದಕ್ಕಿಂತ ದುಬಾರಿ ಬೇರೊಂದಿಲ್ಲ. ಸಹಿ ಹಾಕುವ ಮೊದಲು ಮೂರೇ ಪ್ರಶ್ನೆ ಕೇಳಿ: ಬೀಗ ಒಡೆಯದೆ ಕದ್ದರೂ ಹಣ ಬರುತ್ತದೆಯೇ? ಮನೆಯ ಹೊರಗೂ ರಕ್ಷಣೆ ಇದೆಯೇ? ಎಷ್ಟು ಕೊಡುತ್ತೀರಿ ಎಂಬುದು ಈಗಲೇ ನಿಗದಿಯಾಗಿದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬರಹದಲ್ಲಿ ಸಿಕ್ಕ ಮೇಲೆ ದರದ ಚೌಕಾಸಿ ಮಾಡಿ.